ಬುರ್ಹಾನುದ್ದೀನರ ಶೇರ್ವಾನಿ

ಜುಬೇದಾ ಆಪಾಳ ಎದುರಿಗೆ ನಿಂತು ‘ಹಾಡಬೇಡ’ ಎನ್ನುವ ಗಂಡಸು ಕಲಬುರಗಿಯ ಗಾಜಿಪುರ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ. ಅದಕ್ಕೇ ಬುರ್ಹಾನುದ್ದೀನರು ಆ ಮಾತನ್ನು ಕಮಲಾಪುರದಿಂದ ಹೇಳಿ ಕಳುಹಿಸಿದರು, ಅದೂ ಆಪಾಳ ಗಂಡ ನಬಿಸಾಬರ ಕೈಯಲ್ಲಿ. ಪಾಪದ ಮನುಷ್ಯ. ಮಗಳ ಮದುವೆಯ ಮಾತುಕತೆ ಮುಗಿಸಿಕೊಂಡು ಬಂದವರು ಚಪ್ಪಲಿ ಬಿಡುವ ನೆಪದಲ್ಲಿ ಹೊಸ್ತಿಲ ಹೊರಗೇ ಬಹಳ ಹೊತ್ತು ಬಗ್ಗಿ ನಿಂತರು. ನಾನು ಒಳಗೆ ಕುಳಿತು ಅಫ್ರೀನಳ ದುಪಟ್ಟಾಕ್ಕೆ ಜರಿಯ ಗೋಟು ಹಚ್ಚುತ್ತಿದ್ದೆ. ಅಫ್ರೀನ್ ಆಪಾಳ ಕೊನೆಯ ಮಗಳು. ಬುರ್ಹಾನುದ್ದೀನರ ಮಗ ಅಜರ್ ಜೊತೆ ಅವಳ ಮದುವೆ ನಿಶ್ಚಯವಾಗಿತ್ತು.

“ಏನಂದ್ರು?” ಎಂದಳು ಆಪಾ.

“ಎಲ್ಲಾ ಛಲೋ ಆಯ್ತು. ಫಂಕ್ಷನ್ ಹಾಲ್ ಸಿಕ್ಕದ.”

“ಮತ್ತ ಮುಖ ಯಾಕ ಹಂಗದ?”

ನಬಿಸಾಬರು ನನ್ನ ಕಡೆ ನೋಡಿದರು, ನಾನೇನಾದರೂ ಕಾಪಾಡುತ್ತೇನೋ ಎಂದು. ನಾನು ಸೂಜಿಯ ಕಡೆ ನೋಡಿದೆ.

“ಮೆಹಂದಿ ತಗೊಂಡು ಬರ್ರಿ ಅಂದಾರ. ಡೋಲಕ್ ತರಬ್ಯಾಡ್ರಿ ಅಂದಾರ. ಆ ಹಾಡು ನಮ್ ಮನ್ಯಾಗ ಕೇಳಿದ್ರ ನಿಕಾಹ್ ಇಲ್ಲ ಅಂದಾರ.”

ಆಪಾ ಎದ್ದು ಹೋಗಿ ಗೂಟದ ಮೇಲಿನ ಡೋಲಕ್ ಇಳಿಸಿ ಧೂಳು ಒರೆಸತೊಡಗಿದಳು.

ಆ ಹಾಡು ಯಾವುದೆಂದು ಕಲಬುರಗಿಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಈಗ ಎರಡು ವರ್ಷದಿಂದ ಹೈದರಾಬಾದಿನಲ್ಲೂ ಹೇಳಬೇಕಾಗಿಲ್ಲ. ಆದರೆ ಅದು ಎಲ್ಲಿಂದ ಬಂತು, ಯಾರ ಬಾಯಿಗೆ ಬಿದ್ದು ಏನಾಯಿತು ಎಂದು ಸರಿಯಾಗಿ ಬಲ್ಲವರು ನಾವು ಕೆಲವರೇ. ಫೋನಿನಲ್ಲಿ ಸಿಗುವುದು ಅರ್ಧಕ್ಕರ್ಧ ಸುಳ್ಳು. ನನಗೆ ಸುಳ್ಳು ಕಂಡರೆ ಮೈ ಉರಿಯುತ್ತದೆ, ಅದಕ್ಕೇ ಬರೆಯಲು ಕುಳಿತಿದ್ದೇನೆ.

ಆಪಾ ಎಂದರೆ ಅಕ್ಕ, ಚಿಕ್ಕಂದಿನಿಂದ ನಾನೂ ಹಾಗೇ ಕರೆಯುತ್ತೇನೆ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳು ಅಲ್ಲಿ ಒಗ್ಗರಣೆ ಹಾಕಿದರೆ ನಾನು ಇಲ್ಲಿ ಕೆಮ್ಮುತ್ತೇನೆ. ನಬಿಸಾಬರು ಮನೆ ಅಳಿಯನಾಗಿ ಬಂದವರು, ಹಾಗಾಗಿ ಆಪಾ ಹುಟ್ಟಿದ ಮನೆಯಲ್ಲೇ ಉಳಿದಳು. ನಾನೂ ಹುಟ್ಟಿದ ಮನೆಯಲ್ಲೇ ಉಳಿದೆ, ಅದು ಯಾಕೆ ಎಂಬುದು ಬೇರೆ ಕತೆ. ಅವರ ಮನೆಮಾತು ದಖನಿ. ನಾನು ಹೋದರೆ ಎಲ್ಲರೂ ಕನ್ನಡಕ್ಕೆ ಬರುತ್ತಾರೆ, ಜಗಳ ಜೋರಾದರೆ ನನ್ನನ್ನು ಮರೆತು ತಮ್ಮ ಮಾತಿಗೆ ಹೋಗುತ್ತಾರೆ. ಅಷ್ಟೊತ್ತಿಗೆ ನನಗೂ ಅದೇ ಬೇಕಾಗಿರುತ್ತದೆ.

ಆಪಾಳ ಕಸುಬು ಹೊಲಿಗೆ ಮಿಷನ್ ರಿಪೇರಿ. ಸ್ಟೇಶನ್ ಬಜಾರದ ಅಂಗಡಿ ನಬಿಸಾಬರ ಹೆಸರಿನಲ್ಲಿದೆ, ಆದರೆ ಅವರ ಕಣ್ಣು ಮಂಜಾದ ಮೇಲೆ ಸ್ಕ್ರೂಡ್ರೈವರ್ ಹಿಡಿದವಳು ಇವಳು. ಮೊದಮೊದಲು ಗಿರಾಕಿಗಳು ‘ಮಿಸ್ತ್ರಿ ಎಲ್ಲಿ ಹೋಗ್ಯಾರ?’ ಎಂದು ಕೇಳುತ್ತಿದ್ದರು. ‘ಮಿಸ್ತ್ರಿ ನಿನ್ ಮುಂದ ಕೂತಾಳ, ಮಿಷನ್ ಇಡು’ ಎನ್ನುತ್ತಿದ್ದಳು. ಇಂಥ ನಾಲಿಗೆಯವಳು ಮದುವೆ ಮನೆಯಲ್ಲಿ ಡೋಲಕ್ ಮುಂದೆ ಕುಳಿತರೆ ಎದುರಿನವರ ಗತಿ ಏನಾಗಬೇಕು?

ನಮ್ಮ ಕಡೆಯ ಮುಸಲ್ಮಾನರ ಮದುವೆಗಳಲ್ಲಿ ಹೆಂಗಸರು ಸುತ್ತ ಕುಳಿತು ಡೋಲಕ್ ಹಾಡು ಹಾಡುತ್ತಾರೆ. ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಹೆಸರು ಹಿಡಿದು ಆಡಿಕೊಳ್ಳುವುದು, ಅವರು ಅದೇ ಧಾಟಿಯಲ್ಲಿ ತಿರುಗಿಸಿ ಕೊಡುವುದು. ಬೀಗ್ತಿಯ ಮೂಗು, ಬೀಗರ ಗೊರಕೆ, ಮದುಮಗನ ನಡಿಗೆ, ಯಾವುದಕ್ಕೂ ಮಾಫಿ ಇಲ್ಲ. ಹಾಡು ಅದೇ ಇರುತ್ತದೆ, ಮದುವೆಯಿಂದ ಮದುವೆಗೆ ಹೆಸರು ಬದಲಾಗುತ್ತದೆ. ಹೋದ ವಾರ ಹಾಡಿನಲ್ಲಿ ಸಿಕ್ಕಿಬಿದ್ದವನು ಈ ವಾರ ಖುಲಾಸ್. ಮದುವೆ ಮುಗಿದ ಮೇಲೆ ಆ ಹೆಸರು ಹಿಡಿದು ಮತ್ತೆ ಹಾಡಬಾರದು. ಇದನ್ನು ಯಾರೂ ಕಲಿಸಿಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಲಿಂಗಾಯತರ ಹುಡುಗಿಯಾದ ನಾನೂ ಚಿಕ್ಕಂದಿನಿಂದ ಆ ಗುಂಪಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದವಳು. ‘ನಿನಗ ಅಲ್ಲೇನ್ ಕೆಲಸ?’ ಎಂದು ಗದರುತ್ತಿದ್ದ ನಮ್ಮವ್ವ ಆಮೇಲಾಮೇಲೆ ತಾನೇ ಕಿಟಕಿ ಪಕ್ಕ ಅಕ್ಕಿ ಆರಿಸುತ್ತಾ ಕೂರತೊಡಗಿದಳು.

ಈಗ ಹಾಡಿಗೆ ಬರುತ್ತೇನೆ. ಎಂಬತ್ತೆರಡನೇ ಇಸವಿ ಇರಬೇಕು. ಕೋಟೆಯೊಳಗಿನ ಜಾಮಾ ಮಸೀದಿಯ ಕಮಾನುಗಳ ಚಿತ್ರ ಬರೆಯಲು ಫ್ರಾನ್ಸಿನಿಂದ ಒಬ್ಬ ಹೆಂಗಸು ಬಂದಿದ್ದಳು. ಸ್ಟೇಶನ್ ಬಜಾರದ ಒಂದು ಲಾಡ್ಜಿನಲ್ಲಿ ಇಳಿದುಕೊಂಡಿದ್ದಳು. ಆಪಾಳ ಅಬ್ಬಾ ಆ ಲಾಡ್ಜಿನ ಮ್ಯಾನೇಜರ್. ಕಾಮಾಲೆ ಹಿಡಿದು ಮಲಗಿದ ಅವಳನ್ನು ಲಾಡ್ಜಿನಲ್ಲಿ ಒಬ್ಬಳನ್ನೇ ಬಿಡಲು ಮನಸ್ಸಾಗದೆ ಮನೆಗೆ ಕರೆತಂದರು. ಗಾಜಿಪುರದ ಮಂದಿಯೆಲ್ಲ ಫ್ರಾನ್ಸ್ ಮೇಡಮ್ಮನ್ನು ನೋಡಲು ಬಂದು ಹೋಗುತ್ತಿದ್ದರು. ಅವಳ ಬಳಿ ಒಂದು ಟೇಪ್ ರೆಕಾರ್ಡರ್ ಇತ್ತು. ಮಲಗಿದಲ್ಲೇ ಒಂದೇ ಹಾಡನ್ನು ತಿರುಗಿ ತಿರುಗಿ ಹಾಕುತ್ತಿದ್ದಳು.

ಅದರ ಅರ್ಥ ಏನು ಎಂದು ಆಪಾ ಕೇಳಿದಳು. ಮೇಡಮ್ ಹರಕು ಮುರುಕು ಉರ್ದುವಿನಲ್ಲಿ, ಉಳಿದದ್ದನ್ನು ಕೈಸನ್ನೆಯಲ್ಲಿ ಹೇಳಿದಳು. ಒಬ್ಬ ಗಂಡಸು ಒಬ್ಬ ಹುಡುಗಿಯನ್ನು ಬಿಟ್ಟು ಹೋಗಿದ್ದಾನೆ. ಅವನ ಕೋಟು ಅವಳ ಕುರ್ಚಿಯ ಮೇಲೆ ಉಳಿದಿದೆ. ‘ಚಳಿಗಾಲ ಬಂತು, ಕೋಟು ಕೇಳಿಕೊಂಡು ಬಂದೀಯ ಜೋಕೆ, ಅದನ್ನು ಕತ್ತರಿಸಿ ನನ್ನ ಬೆಕ್ಕಿಗೆ ಹಾಸಿಗೆ ಮಾಡಿದ್ದೇನೆ’ ಎಂದು ಅವಳು ಹಾಡುತ್ತಾಳೆ. ಆಪಾಗೆ ಇಪ್ಪತ್ತು ವರ್ಷ, ನನಗೆ ಹದಿನೇಳು. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಗಂಡಸು ಬಿಟ್ಟು ಹೋದರೆ ಹೆಂಗಸು ಅಳುವ ಹಾಡು ಮಾತ್ರ ಕೇಳಿದ್ದೆವು, ಕತ್ತರಿ ತೆಗೆದುಕೊಂಡವಳನ್ನು ಮೊದಲ ಸಲ ನೋಡಿದ್ದೆವು.

ಆ ಹಾಡು ಅವರ ದೇಶದಲ್ಲಿ ಮನೆ ಮನೆಗೂ ಗೊತ್ತಂತೆ. ಮೊದಲು ಹಾಡಿದ್ದು ಒಬ್ಬ ಹುಡುಗಿ, ನಗುನಗುತ್ತಾ. ಆಮೇಲೆ ಒಬ್ಬ ಮುದುಕ ಅದನ್ನೇ ಅಳುತ್ತಾ ಹಾಡಿದನಂತೆ. ಇಂಗ್ಲಿಷಿನವರು ಎತ್ತಿಕೊಂಡು ಹೋಗಿ ಬೆಕ್ಕನ್ನೇ ತೆಗೆದುಹಾಕಿದರಂತೆ. ‘ಬೆಕ್ಕಿಲ್ಲದ ಮೇಲೆ ಅದೆಂಥ ಹಾಡು?’ ಎಂದು ಮೇಡಮ್ ಆ ಕಾಮಾಲೆಯಲ್ಲೂ ಎದ್ದು ಕುಳಿತು ಸಿಟ್ಟಾದಳು. ಗುಣವಾಗಿ ಅವಳು ಹೊರಟುಹೋದಳು, ಟೇಪ್ ರೆಕಾರ್ಡರ್ ಕೂಡ ಹೋಯಿತು. ಹಾಡು ಮಾತ್ರ ಆಪಾಳ ಗಂಟಲಲ್ಲಿ ಉಳಿಯಿತು.

ಎಂಬತ್ನಾಲ್ಕರಲ್ಲಿ ಆಪಾಳ ಖಾಲಾನ ಮಗಳು, ಎಂದರೆ ಚಿಕ್ಕಮ್ಮನ ಮಗಳು ಕೌಸರಳ ಮದುವೆಯಾಯಿತು. ಮದುಮಗ ಇದೇ ಬುರ್ಹಾನುದ್ದೀನ್, ಕಮಲಾಪುರದ ಕೆಂಪು ಬಾಳೆಹಣ್ಣಿನ ವ್ಯಾಪಾರಿ, ಆಗಿನ್ನೂ ಕಡ್ಡಿ ಪೈಲ್ವಾನ್. ಅವನು ತೊಟ್ಟು ಬಂದ ಶೇರ್ವಾನಿ ಯಾರೋ ಗೆಳೆಯನದು ಎಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಎರಡೂ ಕೈ ತೋಳಿನೊಳಗೇ ಮಾಯವಾಗಿದ್ದವು. ಜಾಲಂದ್ರದಿಂದ ನೋಡಿದ ಆಪಾ ನನ್ನ ತೊಡೆ ಚಿವುಟಿದಳು. ಅವಳ ಬಳಿ ಧಾಟಿ ಇತ್ತು, ಕೋಟು ಇತ್ತು, ಎದುರಿಗೆ ಶೇರ್ವಾನಿ ಬಂದು ನಿಂತಿತ್ತು. ಇನ್ನೇನು ಬೇಕು?

“ಮಾಂಗ್ ಕೆ ಲಾಯಾ ಶೇರ್ವಾನಿ” ಎಂದು ಎತ್ತಿಕೊಂಡಳು. ಕೇಳಿ ತಂದ ಶೇರ್ವಾನಿ, ಬುರ್ಹಾನುದ್ದೀನನ ಶೇರ್ವಾನಿ. ಕೈ ಎಲ್ಲಿವೆ ಹುಡುಕಿರೇ, ನಮ್ಮ ಹುಡುಗಿಯ ಕೈ ಹಿಡಿಯಲು ಕೈ ಬೇಕಲ್ಲವೇ? ಶೇರ್ವಾನಿಯನ್ನು ಒಳಗೆ ಕರೆಯಿರಿ, ಹುಡುಗ ಬೇಕಾದರೆ ಹೊರಗಿರಲಿ. ನುಡಿಯ ಮೇಲೆ ನುಡಿ ಕಟ್ಟಿದಳು. ಗಂಡಿನ ಕಡೆಯಿಂದ ತಿರುಗಿಸಿ ಕೊಡಬೇಕಿತ್ತು, ಆದರೆ ಯಾರು ಕೊಡಬೇಕು? ಅವನ ತಾಯಿ ಆ ವರ್ಷವೇ ತೀರಿಕೊಂಡಿದ್ದಳು. ಅಕ್ಕತಂಗಿಯರಿಲ್ಲ. ಬಂದಿದ್ದ ಒಬ್ಬ ಮುದುಕಿ ಅತ್ತೆಗೆ ಕಿವಿ ಕೇಳಿಸುತ್ತಿರಲಿಲ್ಲ. ಆಪಾ ನಿಲ್ಲಿಸಲಿಲ್ಲ. ಮದುಮಗ ಹೊರಗೆ ಕುಳಿತು ನಗುತ್ತಲೇ ಇದ್ದ. ಒಳಗೆ ಕೌಸರ್ ತಲೆ ಬಗ್ಗಿಸಿ ಕುಳಿತಿದ್ದಳು. ಮದುಮಗಳು ಬಾಯಿ ತೆರೆಯುವಂತಿಲ್ಲ. ಸೌದಿಯಿಂದ ರಜೆಗೆ ಬಂದಿದ್ದ ತಾರಿಖ್ ಎಂಬ ನೆಂಟನೊಬ್ಬ ಇದನ್ನೆಲ್ಲ ತನ್ನ ಹೊಸ ಟೇಪಿನಲ್ಲಿ ತುಂಬಿಕೊಂಡ.

ಆಮೇಲೆ ಆ ಹಾಡಿಗೆ ಕಾಲು ಬಂತು. ಆಪಾ ನೂರಾರು ಮದುವೆಗಳಲ್ಲಿ ನೂರಾರು ಹೆಸರಿಟ್ಟು ಹಾಡಿದಳು. ಬ್ಯಾಂಡಿನವರು ಬರಾತಿನ ಮುಂದೆ ಕ್ಲಾರಿಯೊನೆಟ್ಟಿನಲ್ಲಿ ಊದಿದರು, ಅದು ನನಗೇನೂ ಸೇರಲಿಲ್ಲ, ಎಳೆದೆಳೆದು ಕೊಂದರು. ಕಮಲಾಪುರದಲ್ಲಿ ಸೂಗಮ್ಮ ಎನ್ನುವವಳು ಅದನ್ನು ಕನ್ನಡಕ್ಕೆ ತಂದು ತೊಟ್ಟಿಲ ಕಾರ್ಯದಲ್ಲಿ ‘ಸೋದರಮಾವ ತಂದ ಅಂಗಿ’ ಎಂದು ಹಾಡಿದಳು. ಅದು ಮಾತ್ರ ಬಲು ಚೆನ್ನಾಗಿತ್ತು, ಆಪಾ ಕೂಡ ಒಪ್ಪಿದಳು. ಗಣಪತಿ ಹಬ್ಬದ ಆರ್ಕೆಸ್ಟ್ರಾದವರು ಕೀಬೋರ್ಡಿನಲ್ಲಿ ಹಾಳು ಮಾಡಿದರು. ಯಾರು ಎತ್ತಿಕೊಂಡರೂ ಆಪಾ ತಕರಾರು ಮಾಡಲಿಲ್ಲ. ‘ನಂದೇನದ ಅದರಾಗ? ಮೇಡಮ್ಮಂದು’ ಎನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಹೈದರಾಬಾದಿನ ಒಬ್ಬ ಹುಡುಗ, ತಲೆಗೆ ಜುಟ್ಟು, ಕೈಗೆ ಗಿಟಾರು, ಆ ಹಾಡನ್ನು ಹಾಡಿ ಯೂಟ್ಯೂಬಿಗೆ ಹಾಕಿದ. ಕೆಳಗೆ ‘ಪುರಾತನ ದಖನಿ ಜನಪದ’ ಎಂದು ಬರೆದ. ಪುರಾತನವಂತೆ! ಹಾಡು ಕಟ್ಟಿದವಳು ಸ್ಟೇಶನ್ ಬಜಾರದಲ್ಲಿ ಕುಳಿತು ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದಾಳೆ. ಅದಾದರೂ ಹೋಗಲಿ. ಅವನಿಗೆ ಸಿಕ್ಕಿದ್ದು ತಾರಿಖನ ಆ ಹಳೆಯ ಕ್ಯಾಸೆಟ್. ಹೆಸರು ಬದಲಾಯಿಸಿ ಹಾಡಬೇಕು ಎನ್ನುವುದೇ ಆ ಮಹಾಶಯನಿಗೆ ಗೊತ್ತಿಲ್ಲ. ಬುರ್ಹಾನುದ್ದೀನ್ ಎಂದರೆ ಹಳೆಯ ಕಾಲದ ಯಾವನೋ ಕತೆಯ ಮಂಗಣ್ಣ ಎಂದುಕೊಂಡು ಹೆಸರನ್ನು ಹಾಗೇ ಇಟ್ಟ. ‘ಕಮಲಾಪುರದ ಬುರ್ಹಾನುದ್ದೀನ’ ಎಂದು ಊರನ್ನೂ ಬಿಡಲಿಲ್ಲ. ಲಕ್ಷಗಟ್ಟಲೆ ಮಂದಿ ನೋಡಿದರು. ಗಂಡನ ಅಂಗಿ ತೊಟ್ಟು, ಅಪ್ಪನ ಕೋಟು ತೊಟ್ಟು ಕುಣಿದು ರೀಲ್ಸ್ ಮಾಡಿದರು.

ಕಮಲಾಪುರದ ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಕೆಂಪು ಬಾಳೆಗೊನೆಗಳ ನಡುವೆ ನಿಜವಾದ ಬುರ್ಹಾನುದ್ದೀನರು ಕುಳಿತಿದ್ದರು. ಅರವತ್ತು ದಾಟಿದ ಮನುಷ್ಯ, ಹಜ್ ಮಾಡಿ ಬಂದವರು, ನ್ಯಾಯ ಪಂಚಾಯಿತಿಗೆ ನಾಲ್ಕು ಜನ ಕರೆಯುವಂಥವರು. ಹಣ್ಣು ಕೊಳ್ಳುವ ಹುಡುಗರು ಮೊದಲು ಗುನುಗಿದರು, ಆಮೇಲೆ ಕೇಳಿದರು, ಆಮೇಲೆ ಫೋನು ಹಿಡಿದು ಅವರದೇ ವಿಡಿಯೋ ತೆಗೆದು ಹಿಂದೆ ಆ ಹಾಡು ಹಚ್ಚಿದರು. ಅವರು ಅಂಗಡಿಗೆ ಬರುವುದನ್ನು ಬಿಟ್ಟು ಅಜರನನ್ನು ಕೂರಿಸಿದರು. ಇದು ತಮಾಷೆಯಲ್ಲ ಎಂದು ಆಗ ನನಗೆ ಅನ್ನಿಸಿತು.

ಆಪಾ ಏನೂ ಮಾಡಲಿಲ್ಲ ಎಂದುಕೊಳ್ಳಬೇಡಿ. ಅಫ್ರೀನಳ ಕೈಲಿ ಆ ಜುಟ್ಟಿನ ಹುಡುಗನಿಗೆ ಬರೆಸಿದಳು. ‘ಆಂಟಿ, ಜನಪದ ಯಾರ ಸ್ವತ್ತೂ ಅಲ್ಲ’ ಎಂದು ಉತ್ತರ ಬಂತು, ಜೊತೆಗೆ ಎರಡು ಹೃದಯದ ಚಿತ್ರ. ಆಪಾ ಬೇರೆ ಹೆಸರಿಟ್ಟು ಹಾಡಿದ್ದನ್ನು ಅಫ್ರೀನ್ ವಿಡಿಯೋ ಮಾಡಿ ಯೂಟ್ಯೂಬಿಗೆ ಏರಿಸಿದಳು. ಮಾರನೇ ವಾರ ಯೂಟ್ಯೂಬಿನವರು ಅದನ್ನು ತೆಗೆದುಹಾಕಿದರು. ಕಾರಣ, ಇದು ಹೈದರಾಬಾದಿನ ಹುಡುಗನ ಹಾಡಿನ ನಕಲು!

“ನಾ ನಕಲ್?” ಎಂದಳು ಆಪಾ. “ನಾ ನಕಲ್ ಹೌದು, ಖರೇ. ಆದ್ರ ಅವಂದಲ್ಲ!”

ಅವತ್ತೇ ಅಫ್ರೀನ್ ಹುಡುಕಿ ಹುಡುಕಿ ಮೂಲ ಫ್ರೆಂಚ್ ಹಾಡನ್ನೂ ತೆಗೆದಳು. ನಲವತ್ತು ವರ್ಷದ ಮೇಲೆ ಆ ಹುಡುಗಿಯ ದನಿ ಕೇಳಿದೆವು. ಅದರ ಬೆನ್ನಿಗೆ ಇನ್ನೂ ಎಷ್ಟೋ ಇದ್ದವು. ಅಳುವ ಮುದುಕ ಇದ್ದ, ಬೆಕ್ಕಿಲ್ಲದ ಇಂಗ್ಲಿಷಿನವರು ಇದ್ದರು, ಡ್ರಮ್ ಬಡಿದು ಕಿರುಚುವವರು, ಜಪಾನಿನ ಯಾರೋ ಹೆಂಗಸು. ಆಪಾ ಎಲ್ಲವನ್ನೂ ಕೇಳಿದಳು. ಮೊದಲನೆಯದನ್ನು ಇನ್ನೊಮ್ಮೆ ಹಾಕಿಸಿ ಹುಬ್ಬು ಗಂಟಿಕ್ಕಿದಳು.

“ಇಕಿ ತಪ್ಪು ಹಾಡಾಕತ್ತಾಳ” ಎಂದಳು. ನಾನು ನಕ್ಕು ಸಾಕಾದೆ.

ಇಷ್ಟೆಲ್ಲ ಆದ ಮೇಲೆ, ಎರಡೂ ಮನೆಗೆ ಗೊತ್ತಾಗದಂತೆ ಅಫ್ರೀನ್ ಮತ್ತು ಅಜರ್ ಒಬ್ಬರನ್ನೊಬ್ಬರು ಮೆಚ್ಚಿಕೊಂಡು, ಹಿರಿಯರು ಒಪ್ಪಿಕೊಂಡು, ಹಾಲ್ ಗೊತ್ತಾಗಿ, ಈಗ ಈ ಮಾತು. ಡೋಲಕ್ ತಂದರೆ ನಿಕಾಹ್ ಇಲ್ಲ.

ಅವತ್ತು ನಬಿಸಾಬರು ಚಹಾ ಕುಡಿಯುವ ನೆಪದಲ್ಲಿ ಜಾಗ ಖಾಲಿ ಮಾಡಿದರು. ಅಫ್ರೀನ್ ಬಂದು ತಾಯಿಯ ಎದುರು ಕುಳಿತಳು. ಅವಳ ಕಣ್ಣು ಆಗಲೇ ಕೆಂಪಾಗಿದ್ದವು.

“ಅಮ್ಮೀ, ಒಂದು ಹಾಡು ಬಿಟ್ರ ಏನಾಗ್ತದ?”

“ಏನೂ ಆಗಂಗಿಲ್ಲ. ನನ್ ಹತ್ರ ಬ್ಯಾರೇ ಹಾಡು ಭಾಳ ಅವ.”

“ಮತ್ತ?”

“ಇವತ್ತ ಹಾಡಬ್ಯಾಡ ಅಂದಾರ. ನಾಳಿ ನೀ ಆ ಮನ್ಯಾಗ ಜೋರಾಗಿ ನಗಬ್ಯಾಡ ಅಂತಾರ. ನಾಡದ ಮಾತಾಡಬ್ಯಾಡ ಅಂತಾರ. ನಿನ್ ಕಡಿಯಾಕಿ ಒಬ್ಬಾಕಿ ಮೊದಲ ದಿನಾನೇ ಬಾಯಿ ಮುಚ್ಚಿದ್ಲು ಅಂತ ಗೊತ್ತಾದ ಮ್ಯಾಲ ನಿನ್ ಬಾಯಿ ಮುಚ್ಚಸೋದು ಏನ್ ದೊಡ್ಡದು?”

“ಅಜರ್ ಹಂಗಿಲ್ಲ.”

“ಅಜರ್ ಛಲೋ ಹುಡುಗ. ಆದ್ರ ಆ ಮನಿ ಹೆಂಗದ ಅಂತ ನಾ ನೋಡಬೇಕು.”

ನನಗೂ ಸಿಟ್ಟು ಬಂತು. “ನೋಡ್ಲಿಕ್ಕ ಹೋಗಿ ಹುಡುಗಿ ಮದಿವಿ ಮುರೀತೀಯೇನು ಆಪಾ? ನಿನ್ ಹಟಕ್ಕ ಇಕಿ ಯಾಕ ಅಳಬೇಕು?” ಎಂದೆ. ಅವಳು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

“ಮುರದ್ರ ಈಗೇ ಮುರೀಲಿ” ಎಂದಳು. “ಮದಿವ್ಯಾದ ಮ್ಯಾಲ ಮುರಿಯೋದಕಿಂತ ಅದು ಛಲೋ.”

ಮೆಹಂದಿಯ ದಿನ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಮನೆಗೆ ಮೆಹಂದಿ ಒಯ್ಯುತ್ತಾರೆ. ಮದುಮಗಳ ತಾಯಿ ಹೋಗುವ ರೂಢಿ ಇಲ್ಲ. ಆಪಾ ಹೊರಟಳು. ಕ್ರೂಸರ್ ಗಾಡಿಯಲ್ಲಿ ಮುಂದಿನ ಸೀಟಿನಲ್ಲೇ ಕುಳಿತಳು, ಡೋಲಕ್ ತೊಡೆಯ ಮೇಲೆ, ಬಟ್ಟೆಯನ್ನೂ ಸುತ್ತದೆ ಎಲ್ಲರಿಗೂ ಕಾಣುವ ಹಾಗೆ. ಹುಮನಾಬಾದ್ ರಸ್ತೆಯುದ್ದಕ್ಕೂ ಹಿಂದೆ ಕುಳಿತ ನಾವು ಮೆಹಂದಿಯ ತಟ್ಟೆ ಅಲುಗದಂತೆ ಹಿಡಿದುಕೊಂಡಿದ್ದೆವು.

ಮಧ್ಯಾಹ್ನದ ನಮಾಜ್ ಮುಗಿದಿತ್ತು. ಕಮಲಾಪುರದ ಆ ಮನೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಗಂಡಸರು ಕುರ್ಚಿ ಹಾಕಿಕೊಂಡಿದ್ದರು. ಬುರ್ಹಾನುದ್ದೀನರು ನಗುಮುಖದಿಂದ ಎದ್ದು ಬಂದವರು ಡೋಲಕ್ ನೋಡಿ ನಿಂತುಬಿಟ್ಟರು.

“ಆಪಾ, ನಾ ಹೇಳಿ ಕಳಸಿದ್ದೆ.”

“ಕೇಳೀನಿ ದುಲ್ಹಾಭಾಯಿ. ಅದಕ್ಕ ನಾನೇ ಬಂದೀನಿ.” ತಂಗಿಯ ಗಂಡ ಎಂದು ಅವಳು ಅವರನ್ನು ಕರೆಯುವುದೇ ಹಾಗೆ.

“ಅದನ್ನ ಗಾಡ್ಯಾಗ ಇಟ್ಟು ಬರ್ರಿ.”

“ಡೋಲಕ್ ಗಾಡ್ಯಾಗ ಇದ್ರ ಮೆಹಂದಿನೂ ಗಾಡ್ಯಾಗ ಇರ್ತದ. ಎರಡೂ ಕೂಡೇ ಬಂದಾವ, ಕೂಡೇ ಹೋಗ್ತಾವ.”

ಕುರ್ಚಿಗಳ ಮೇಲಿದ್ದವರೆಲ್ಲ ಎದ್ದು ನಿಂತರು. ಅಜರ್ ಬಾಗಿಲ ಬಳಿ ಬಿಳಿಚಿಕೊಂಡು ನಿಂತಿದ್ದ. ಬುರ್ಹಾನುದ್ದೀನರು ಒಂದು ಹೆಜ್ಜೆ ಮುಂದೆ ಬಂದರು.

“ನಿಮಗ ಆಟ ಆಗ್ಯದ. ನನ್ ಅಂಗಡ್ಯಾಗ ನಾ ಕೂಡಂಗಿಲ್ಲ, ಗೊತ್ತೇನು? ನಿನ್ನೆ ಮೊನ್ನೆ ಹುಟ್ಟಿದ ಹುಡುಗ್ರು ನನ್ನ ನೋಡಿ ನಗತಾವ. ಯಾರಿಗಿ ಹೋಗಿ ಏನ್ ಹೇಳ್ಲಿ?”

ಆಪಾ ದನಿ ಇಳಿಸಲಿಲ್ಲ, ಏರಿಸಲೂ ಇಲ್ಲ. “ಅದು ನನ್ ಹಾಡಲ್ಲ ದುಲ್ಹಾಭಾಯಿ. ಆ ಹುಡುಗ ಕೋಣ್ಯಾಗ ಒಬ್ಬನೇ ಕೂತು ಹಾಡ್ಯಾನ. ಅವಂಗ ಬೀಗರಿಲ್ಲ, ಬೀಗ್ತೇರಿಲ್ಲ, ಎದುರು ಯಾರೂ ಇಲ್ಲ. ನಾ ನಿಮ್ಮ ಮನಿಗಿ ಬಂದು ನಿಮ್ಮ ಮುಂದ ಹಾಡ್ತೀನಿ. ನಿಮ್ಮ ಮನ್ಯಾಗೂ ಹೆಂಗಸ್ರು ಅದಾರ. ತಿರುಗಿ ಕೊಡ್ರಿ. ಕೊಡ್ಲಿಕ್ಕ ಬರಂಗಿಲ್ಲಂದ್ರ ಸೋತೀವಿ ಅನ್ರಿ. ಹಾಡಬ್ಯಾಡ ಅಂತ ಮಾತ್ರ ಅನಬ್ಯಾಡ್ರಿ. ಅದನ್ನ ನಾ ಯಾರ ಬಾಯಿಂದನೂ ಕೇಳಂಗಿಲ್ಲ.”

“ಹಂಗಾರ ನಿಕಾಹ್...” ಎಂದು ಅವರು ಬಾಯಿ ತೆರೆದರು. ಆ ಮಾತು ಪೂರ್ತಿಯಾಗಿದ್ದರೆ ಎಲ್ಲ ಮುಗಿಯುತ್ತಿತ್ತು, ಹತ್ತು ಜನರ ಮುಂದೆ ಆಡಿದ್ದನ್ನು ಅವರು ಹಿಂದಕ್ಕೆ ತೆಗೆದುಕೊಳ್ಳುವವರಲ್ಲ. ಅಷ್ಟರಲ್ಲಿ ಬಾಗಿಲ ಪರದೆ ಸರಿಯಿತು.

“ಆಪಾ, ಒಳಗ ಬಾ” ಎಂದಳು ಕೌಸರ್. “ಡೋಲಕ್ ಸುದ್ದಾ ತಗೊಂಡು ಬಾ.”

“ಕೌಸರ್!” ಎಂದರು ಗಂಡ.

“ನೀವು ಕೂಡ್ರಿ. ಇದು ಹೆಂಗಸರ ಕೆಲಸ ಅದ.”

ಒಳಗೆ ಜಮಖಾನೆ ಹಾಸಿತ್ತು. ಆ ಕಡೆ ಅವರು, ಈ ಕಡೆ ನಾವು. ಆಪಾ ಡೋಲಕ್ಕಿನ ಹಗ್ಗ ಬಿಗಿಮಾಡಿದಳು. ಬೇರೆ ಯಾವ ಹಾಡಿನಿಂದಲೂ ಶುರು ಮಾಡಲಿಲ್ಲ, ನೇರವಾಗಿ ಅದನ್ನೇ ಎತ್ತಿಕೊಂಡಳು. ಮಾಂಗ್ ಕೆ ಲಾಯಾ ಶೇರ್ವಾನಿ. ಅವರೀಗ ಮದುಮಗನ ಅಪ್ಪ, ಈ ಮದುವೆಯಲ್ಲಿ ಅವರ ಹೆಸರು ಹಿಡಿಯುವ ಹಕ್ಕು ಅವಳಿಗಿತ್ತು. ಅಪ್ಪ ಕೇಳಿ ತಂದದ್ದು ಶೇರ್ವಾನಿ, ಮಗ ಕೇಳಿ ತಂದದ್ದು ಬೈಕು ಎಂದು ಅಜರನನ್ನೂ ಸೇರಿಸಿದಳು. ಅವಳ ದನಿ ಈಗ ಒಡೆದಿದೆ, ಮೇಲಿನ ಸ್ವರದಲ್ಲಿ ಕೀರಲಾಗುತ್ತದೆ. ನಾವು ಚಪ್ಪಾಳೆ ತಟ್ಟಿದೆವು. ಹೊರಗಿನಿಂದ ಒಂದು ಸಪ್ಪಳವೂ ಇಲ್ಲ.

ಒಂದು ನುಡಿ ಮುಗಿಸಿ ಆಪಾ ನಿಲ್ಲಿಸಿದಳು. ಡೋಲಕ್ಕಿನ ಮೇಲೆ ಕೈ ಇಟ್ಟು ಕಾದಳು. ಆ ಕಡೆಯ ಹೆಂಗಸರು ಜಮಖಾನೆಯ ಹೂವು ನೋಡುತ್ತಾ ಕುಳಿತರು. ಮನೆಯ ಯಜಮಾನ ಬೇಡ ಎಂದ ಹಾಡಿಗೆ ಯಾರು ದನಿ ಎತ್ತುತ್ತಾರೆ?

“ಏನ್ರಿ, ಈ ಮನ್ಯಾಗ ಯಾರಿಗೂ ನಾಲಿಗಿ ಇಲ್ಲೇನು?” ಎಂದಳು ಆಪಾ.

ಕೌಸರ್ ಎದ್ದು ಬಂದಳು. ನಲವತ್ತು ವರ್ಷದಿಂದ ನಾನು ಅವಳನ್ನು ಬಲ್ಲೆ. ಮಾತಿಗಿಂತ ಮೊದಲು ಸೆರಗು ಸರಿಮಾಡಿಕೊಳ್ಳುವವಳು, ಎರಡು ಸಲ ಕರೆದರೆ ಒಂದು ಸಲ ಓ ಎನ್ನುವವಳು. ಆಪಾಳ ಎದುರಿಗೆ ಮಂಡಿಯೂರಿ ಕುಳಿತಳು.

“ಅವತ್ತ ನಾ ಮದಿಮಗಳು” ಎಂದಳು. “ತಲಿ ಬಗ್ಗಿಸಿ ಕೂತು, ನೀ ನನ್ ಗಂಡಗ ಅಂದಿದ್ದೆಲ್ಲ ಕೇಳೀನಿ. ಒಂದಲ್ಲ, ಎರಡಲ್ಲ, ಅವರ ಕಡಿಯಾಕಿ ಒಬ್ಬಾಕಿನೂ ಇಲ್ಲಂತ ಗೊತ್ತಿದ್ದೂ ನೀ ನಿಲ್ಲಸ್ಲಿಲ್ಲ. ಇವತ್ತ ನಾ ಈ ಮನಿಯಾಕಿ. ಕೊಡು ಇಲ್ಲಿ.”

ಡೋಲಕ್ಕನ್ನು ಆಪಾಳ ತೊಡೆಯಿಂದ ಎಳೆದುಕೊಂಡಳು. ಬಾರಿಸಲು ಅವಳಿಗೆ ಸರಿಯಾಗಿ ಬರುವುದಿಲ್ಲ, ತಾಳ ಎರಡು ಸಲ ತಪ್ಪಿತು. ದನಿ ಮಾತ್ರ ಗಟ್ಟಿಯಾಗಿತ್ತು. ಅದೇ ಧಾಟಿ. ಮಾಂಗ್ ಕೆ ಲಾಯೀ ಜುಬೇದಾ. ಕೇಳಿ ತಂದಳು ಜುಬೇದಾ.

ನಮ್ಮವರು ಶೇರ್ವಾನಿ ಕೇಳಿ ತಂದರು, ಮದುವೆಯ ಮಾರನೇ ದಿನ ಒಗೆದು ಮಡಚಿ ಮರಳಿಸಿ ಬಂದರು.
ನೀನು ಫ್ರಾನ್ಸಿನವಳ ಹಾಡು ಕೇಳಿ ತಂದೆ, ತಲೆ ನರೆಯಿತು, ಹಲ್ಲು ಬಿತ್ತು, ಇನ್ನೂ ಮರಳಿಸಿಲ್ಲ.
ಸಾಲದ ಹಾಡು ಹಾಡಿಕೊಂಡು ಊರಿಗೆಲ್ಲ ದೊಡ್ಡವಳಾದೆ, ಜುಬೇದಾ,
ನಿನ್ನದು ಅನ್ನುವ ಒಂದು ಹಾಡು ಇದ್ದರೆ ಈಗ ಹಾಡಿ ತೋರಿಸು.

ಆ ಕಡೆಯ ಹೆಂಗಸರು ಕೂಗಿದ ಕೂಗಿಗೆ ಅಟ್ಟದ ಮೇಲಿನ ಪಾರಿವಾಳಗಳು ಎದ್ದವು. ಒಬ್ಬಳು ತಟ್ಟೆ ಬಡಿದಳು, ಒಬ್ಬಳು ಎದ್ದು ಕುಣಿದಳು. ನಮ್ಮ ಕಡೆಯವರೂ ನಕ್ಕರು, ಏನು ಮಾಡುವುದು, ಅಷ್ಟು ಚೆನ್ನಾಗಿತ್ತು. ಹೊರಗೆ ಬೇವಿನ ಮರದ ಕೆಳಗಿನಿಂದ ಒಂದು ನಗು ಬಂತು, ಕೆಮ್ಮು ಬೆರೆತ ದಪ್ಪ ನಗು, ನಿಲ್ಲಲೇ ಇಲ್ಲ. ನಗುವವರು ಪರದೆಯ ಹತ್ತಿರ ಬಂದರು.

“ಕೌಸರ್” ಎಂದರು ಬುರ್ಹಾನುದ್ದೀನರು ಆ ಕಡೆಯಿಂದ. “ಅದನ್ನ ಇನ್ನೊಮ್ಮೆ ಹಾಡು. ಇಲ್ಲಿ ಎಲ್ಲಾರಿಗೂ ಕೇಳಿಸ್ಬೇಕು.”

ಕೌಸರ್ ಇನ್ನೊಮ್ಮೆ ಹಾಡಿದಳು. ಅಂಗಳದ ಗಂಡಸರೂ ಚಪ್ಪಾಳೆ ಹಾಕಿದರು.

ನಾನು ಆಪಾಳ ಮುಖ ನೋಡಿದೆ. ಅವಳು ನಗುತ್ತಿದ್ದಳು, ಆದರೆ ಕೆನ್ನೆಯ ಬಣ್ಣ ಹೋಗಿತ್ತು. ಕೊನೆಯ ಸಾಲು ಎಲ್ಲಿ ತಾಗಬೇಕೋ ಅಲ್ಲೇ ತಾಗಿತ್ತು. ನೂರಾರು ಮದುವೆಗಳಲ್ಲಿ ಅವಳಿಗೆ ಯಾರೂ ಹೀಗೆ ಕೊಟ್ಟಿರಲಿಲ್ಲ. ತಿರುಗಿಸಿ ಕೊಡಲು ಬಾಯಿ ತೆರೆದಳು, ಮಾತು ಬರಲಿಲ್ಲ. ಜುಬೇದಾ ಆಪಾಗೆ ಮಾತು ಬರಲಿಲ್ಲ ಎಂದು ನಾನು ಹೇಳಿದರೆ ಗಾಜಿಪುರದಲ್ಲಿ ಇವತ್ತಿಗೂ ನಂಬುವುದಿಲ್ಲ. ಅವಳು ಮೆಹಂದಿಯ ತಟ್ಟೆ ಎತ್ತಿ ಕೌಸರಳ ಕೈಗೆ ಕೊಟ್ಟಳು.

“ಸೋತೆ” ಎಂದಳು, ಎಲ್ಲರಿಗೂ ಕೇಳುವಂತೆ. “ಇವತ್ತ ಒಂದು ದಿನಾ ಅಷ್ಟೇ.”

ವಾಪಸು ಬರುವಾಗ ಗಾಡಿಯಲ್ಲಿ ಅವಳ ಪಕ್ಕ ನಾನೇ ಕುಳಿತೆ. ನೋವಾಯಿತೇ ಎಂದು ಕೇಳಿದೆ.

“ಆಯ್ತು. ಭಾಳ ಆಯ್ತು” ಎಂದಳು. “ಆ ಮನುಷ್ಯಾ ಇಂಥಾ ನೋವು ಹೊಟ್ಟ್ಯಾಗ ಇಟಕೊಂಡು ನಲವತ್ತು ವರ್ಷ ನಗನಗತಾ ಕೂತಿದ್ದ, ರತ್ನಾ.” ಆಮೇಲೆ ಸೀಟಿನಲ್ಲಿ ನೆಟ್ಟಗೆ ಕುಳಿತಳು. “ಆದ್ರ ನೋಡಿದಿಲ್ಲ, ಆ ಮನ್ಯಾಗ ನನ್ ಮಗಳು ಬಾಯಿ ಮುಚ್ಚಂಗಿಲ್ಲ. ಅಂಥಾ ಅತ್ತಿ ಅದಾಳ.”

ನಿಕಾಹ್ ಚೆನ್ನಾಗಿ ಆಯಿತು. ಹೈದರಾಬಾದಿನ ಹುಡುಗನ ಹಾಡು ಇನ್ನೂ ಓಡುತ್ತಲೇ ಇದೆ, ಅದನ್ನು ಯಾರೂ ತೆಗೆಸಲಾಗಲಿಲ್ಲ. ಆದರೆ ಬುರ್ಹಾನುದ್ದೀನರು ಅಂಗಡಿಗೆ ಮರಳಿದ್ದಾರೆ. ಯಾವನಾದರೂ ‘ಶೇರ್ವಾನಿ’ ಎಂದು ಕೂಗಿದರೆ, ‘ನಂದು ಮರಳಿಸೀನಪಾ, ಗುಲಬರ್ಗಾದಾಗ ಜುಬೇದಾ ಅಂತ ಒಬ್ಬಾಕಿ ಅದಾಳ, ಆಕಿನ್ನ ಕೇಳು’ ಎಂದು ಹಣ್ಣು ತೂಗುತ್ತಾರೆ. ಕೌಸರಳ ನುಡಿ ಅವರ ಊರಿನಿಂದ ನಮ್ಮೂರಿಗೆ ಬರಲು ಹೆಚ್ಚು ದಿನ ಬೇಕಾಗಲಿಲ್ಲ.

ಈಗ ಸ್ಟೇಶನ್ ಬಜಾರದಲ್ಲಿ ಆಟೋದವರು ಅಂಗಡಿಯ ಮುಂದೆ ಗಾಡಿ ನಿಧಾನ ಮಾಡುತ್ತಾರೆ. “ಖಾಲಾ, ಫ್ರಾನ್ಸ್‌ನವ್ರ ಹಾಡು ವಾಪಸ್ ಕೊಟ್ರೇನ್ರಿ?” ಎಂದು ಕೂಗುತ್ತಾರೆ.

ಆಪಾ ಮಿಷನ್ನಿನಿಂದ ತಲೆ ಎತ್ತುತ್ತಾಳೆ, ಸ್ಕ್ರೂಡ್ರೈವರ್ ಕೈಯಲ್ಲೇ ಇರುತ್ತದೆ.

“ಕೊಡಂಗಿಲ್ಲ!” ಎನ್ನುತ್ತಾಳೆ. “ಧಮ್ ಇದ್ರ ಬಂದು ಇಸಗೊಂಡು ಹೋಗಂತ ಹೇಳು.”